35 ಅಂಕಕ್ಕೆ ಪಾಸಾದ ಹಾರ್ಡ್ ಡಿಸ್ಕು

ಶನಿವಾರ, ಸಂಜೆ

ದೊಡ್ಡಪ್ಪನ ಫೋನು ಬಂದಾಗ ನಾನು ಪಿ.ಬಿ. ರಸ್ತೆಯಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದೆ. "ಕಂಪ್ಯೂಟ್ರು ಕಟ್ ಕಟ್ ಅನ್ನಾಕತ್ತೈತಿ. ಒಂದು ಪಟ್ಟಿ ತೆಗೆಯಾಕೆ ಹತ್ತು ನಿಮಿಷ. ರೈತ್ರು ಬೈಯಾಕತ್ತಾರ, ಒಂಚೂರು ಬಂದು ನೋಡಪಾ."

ನವೆಂಬರ್ ತಿಂಗಳು. ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಸೀಸನ್ನು. ಕಾಲಿಡಲು ಜಾಗವಿಲ್ಲದ ಹಾಗೆ ರಾಶಿ, ಚೀಲ, ಲಾರಿ. ಪಟ್ಟಿ ಅಂದರೆ ರೈತನಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ. ದೊಡ್ಡಪ್ಪನ ಮಂಡಿಯ ಮೂಲೆಯಲ್ಲಿ ಒಂದು ಟೇಬಲ್ಲು, ಅದರ ಕೆಳಗೆ ಸಿಪಿಯು. ಸೈಡಿನ ತಗಡು ಬಿಚ್ಚಿದರೆ ಒಳಗೆಲ್ಲ ಹಳದಿ ಧೂಳು. ಫ್ಯಾನಿನ ರೆಕ್ಕೆಗೆ ಹೊಟ್ಟು ಅಂಟಿಕೊಂಡು, ಅದು ತಿರುಗುತ್ತಿದೆಯೋ ಏದುಸಿರು ಬಿಡುತ್ತಿದೆಯೋ ಗೊತ್ತಾಗುತ್ತಿರಲಿಲ್ಲ.

"ಜೋಳದ ಧೂಳು ಡಿಸ್ಕಿನ ಒಳಗೆ ಹೋಗೈತಿ" ಅಂತ ದೊಡ್ಡಪ್ಪನ ತೀರ್ಪು. ಅದು ಹಾಗಲ್ಲ. ಡಿಸ್ಕಿನ ಮೇಲೆ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ, ಮುಚ್ಚಬೇಡಿ ಅಂತ ಪಕ್ಕದಲ್ಲೇ ಬರೆದಿರುತ್ತಾರೆ. ಅದರ ಒಳಗೆ ಫಿಲ್ಟರ್ ಇದೆ. ಧೂಳು ಡಿಸ್ಕಿನ ಒಳಗೆ ಹೋಗಲ್ಲ, ಆದರೆ ಫ್ಯಾನಿಗೆ ಕಟ್ಟಿಕೊಂಡು ಹೊರಗಿಂದ ಬೇಯಿಸುತ್ತದೆ.

ನನಗೆ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಬೆಳಿಗ್ಗೆ ಆನ್ ಮಾಡಿದಾಗ ಡಿಸ್ಕ್ ಚೆಕ್ ಮಾಡಲೇ ಅಂತ ವಿಂಡೋಸ್ ಕೇಳಿದೆ. ಗುಮಾಸ್ತರು ಹೂಂ ಅಂದಿದ್ದಾರೆ. ಎರಡು ಗಂಟೆ ಅದು ಡಿಸ್ಕನ್ನು ಉಜ್ಜಿದೆ. ಆ ಚೆಕ್ ಬರೀ ನೋಡುವ ಕೆಲಸವಲ್ಲ. ಅದು ಡಿಸ್ಕಿನ ಮೇಲೆ ಬರೆಯುತ್ತದೆ, ಫೈಲ್ ಪಟ್ಟಿಯನ್ನು ತನಗೆ ತೋಚಿದ ಹಾಗೆ ತಿದ್ದುತ್ತದೆ. ಡಿಸ್ಕೇ ಸಾಯುತ್ತಿರುವಾಗ ಅದರ ಮೇಲೆ ಬರೆಯುವುದು ಅಂದರೆ, ಕಾಲು ಮುರಿದವನನ್ನು ನಡೆಸಿ ನೋಡಿದ ಹಾಗೆ.

ಬ್ಯಾಕಪ್ ಇದೆಯಾ ಅಂದೆ. ಡ್ರಾಯರಿನಿಂದ ಒಂದು ಪೆನ್‌ಡ್ರೈವ್ ಬಂತು. ಕೊನೆಯ ಕಾಪಿ ಯುಗಾದಿ ಆಸುಪಾಸಿನದು. ಈ ಸೀಸನ್ನಿನ ಒಂದು ಪಟ್ಟಿಯೂ ಅದರಲ್ಲಿಲ್ಲ. ಕಂಪ್ಯೂಟರ್ ಆಫ್ ಮಾಡಿ ಡಿಸ್ಕ್ ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದೆ. ಸೋಮವಾರದವರೆಗೆ ಕೈಬರಹದ ಪಟ್ಟಿ ಅಂತ ತೀರ್ಮಾನವಾಯಿತು.

ಶನಿವಾರ, ರಾತ್ರಿ

ಮನೆಯ ಡೆಸ್ಕ್‌ಟಾಪ್‌ನಲ್ಲಿ ಡೆಬಿಯನ್ ಲಿನಕ್ಸ್ ಇದೆ. ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ, ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಅದನ್ನು ಓದಲು ಬೇಕಾದ ಪ್ಯಾಕೇಜು ಸ್ಮಾರ್ಟ್‌ಮಾನ್‌ಟೂಲ್ಸ್, ಅದರೊಳಗಿನ ಕಮಾಂಡು ಸ್ಮಾರ್ಟ್‌ಸಿಟಿಎಲ್. ಸ್ಮಾರ್ಟ್ ಅಂತ ಬರೆದು ಪಕ್ಕದಲ್ಲೇ ಸಿ, ಟಿ, ಎಲ್. ಇಲ್ಲಿ ಓದಲು ಸಲೀಸಾಗಲಿ ಅಂತ ಎಲ್ಲಾ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಚಿಕ್ಕಕ್ಷರ, ಎಲ್ಲಕ್ಕೂ ಮೊದಲು ಅಡ್ಮಿನ್ ಅಧಿಕಾರಕ್ಕೆ ಸುಡೊ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ.

ಮೊದಲು ಸೋಮಾರಿತನದಿಂದ ಯುಎಸ್‌ಬಿ ಕೇಸಿಗೆ ಹಾಕಿದೆ. ಗೊತ್ತಿಲ್ಲದ ಯುಎಸ್‌ಬಿ ಬ್ರಿಡ್ಜ್ (ಕೇಸಿನ ಒಳಗಿನ ಚಿಪ್ಪು) ಅಂತ ಸ್ಮಾರ್ಟ್‌ಸಿಟಿಎಲ್ ಮುಖ ತಿರುಗಿಸಿತು. ಹೈಫನ್ ಡಿ, ಸ್ಯಾಟ್ ಅಂತ ಸೇರಿಸಿದರೆ ಎಷ್ಟೋ ಕೇಸುಗಳು ಬಾಯಿ ಬಿಡುತ್ತವೆ, ಇದೂ ಬಿಟ್ಟಿತು. ಆದರೆ ಎರಡು ನಿಮಿಷಕ್ಕೊಮ್ಮೆ ಕನೆಕ್ಷನ್ ಬೀಳುತ್ತಿತ್ತು. ಸುಮ್ನೆ ಯಾಕೆ ಅಂತ ಮದರ್‌ಬೋರ್ಡಿನ ಸಾಟಾ ಪೋರ್ಟಿಗೇ ಹಾಕಿದೆ.

ಹೈಫನ್ ದೊಡ್ಡ ಎಚ್ ಕೊಟ್ಟರೆ ಡಿಸ್ಕ್ ಆರೋಗ್ಯದ ಬಗ್ಗೆ ಒಂದೇ ಸಾಲಿನ ಉತ್ತರ ಬರುತ್ತದೆ. ಬಂತು: ಪಾಸ್ಡ್.

ಇದನ್ನು ನೋಡಿಯೇ ಎಷ್ಟೋ ಜನ ಡಿಸ್ಕ್ ಚೆನ್ನಾಗಿದೆ ಅಂತ ವಾಪಸ್ ಕೊಟ್ಟುಬಿಡುತ್ತಾರೆ. ಈ ಪಾಸು ನಮ್ಮ ಕಾಲದ ಎಸ್‌ಎಸ್‌ಎಲ್‌ಸಿಯ 35 ಅಂಕದ ಪಾಸು. ಡಿಸ್ಕ್ ತಯಾರಿಸಿದವರು ಒಂದೊಂದು ಲೆಕ್ಕಕ್ಕೂ ಒಂದು ಗೆರೆ ಎಳೆದಿರುತ್ತಾರೆ. ಡಿಸ್ಕು ತನಗೆ ತಾನೇ ಅಂಕ ಹಾಕಿಕೊಳ್ಳುತ್ತದೆ. ಸಾಮಾನ್ಯವಾಗಿ 100 ಅಥವಾ 200ರಿಂದ ಶುರು, ಹಾಳಾದ ಹಾಗೆಲ್ಲ ಇಳಿಯುತ್ತದೆ. ಗೆರೆ ಮುಟ್ಟಿದಾಗ ಮಾತ್ರ ಫೇಲು. ಗೆರೆಯೋ ತುಂಬಾ ಕೆಳಗೆ ಇರುತ್ತದೆ. ಅದನ್ನು ಮುಟ್ಟುವ ಹೊತ್ತಿಗೆ ನಿಮ್ಮ ಡೇಟಾ ಮಣ್ಣಾಗಿರುತ್ತದೆ.

ಹಾಗಾಗಿ ನಾನು ನೋಡುವುದು ಹೈಫನ್ ದೊಡ್ಡ ಎ. ಅದು ಅಂಕಪಟ್ಟಿಯನ್ನೇ ಬಿಚ್ಚಿಡುತ್ತದೆ. ಕೊನೆಯ ಕಾಲಂ ಅಸಲಿ ಎಣಿಕೆ. ಸಾಲಿನ ಮೊದಲ ಅಂಕಿ ಆ ಲೆಕ್ಕದ ನಂಬರು. ಸೆಕ್ಟರ್ ಅಂದರೆ ಡಿಸ್ಕು ಓದುವ, ಬರೆಯುವ ಅತಿ ಸಣ್ಣ ತುಣುಕು. ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು:

5, ರಿಅಲೊಕೇಟೆಡ್ ಸೆಕ್ಟರ್: 16
9, ಪವರ್ ಆನ್ ಅವರ್ಸ್: 21,386
12, ಪವರ್ ಸೈಕಲ್: 6,412
194, ಬಿಸಿ: 46 ಡಿಗ್ರಿ
197, ಕರೆಂಟ್ ಪೆಂಡಿಂಗ್ ಸೆಕ್ಟರ್: 24
198, ಆಫ್‌ಲೈನ್ ಅನ್‌ಕರೆಕ್ಟಬಲ್ (ಡಿಸ್ಕು ತಾನೇ ಪರೀಕ್ಷಿಸಿಕೊಂಡಾಗ ಓದಲಾಗದವು): 24
199, ಸಿಆರ್‌ಸಿ ಎರರ್: 0

1 ಮತ್ತು 7ನೇ ಸಾಲಿನಲ್ಲಿ ಕೋಟಿಗಟ್ಟಲೆ ಎಣಿಕೆ ಕಂಡರೆ ಎದೆ ಒಡೆದುಕೊಳ್ಳಬೇಡಿ. ಕೆಲವು ಕಂಪನಿಗಳು ಅಲ್ಲಿ ಎರಡು ಲೆಕ್ಕ ಸೇರಿಸಿ ಒಂದೇ ಅಂಕಿಯಾಗಿ ತೋರಿಸುತ್ತವೆ.

ಇಲ್ಲಿ ನನ್ನ ಕಣ್ಣು ನಿಂತದ್ದು 197ರ ಮೇಲೆ. ಓದಲು ಹೋಗಿ ಓದಲಾಗದೆ, ಏನು ಮಾಡುವುದೋ ಗೊತ್ತಾಗದೆ ಡಿಸ್ಕು ಬಾಕಿ ಇಟ್ಟುಕೊಂಡ ಜಾಗಗಳು ಇವು. 5ನೆಯದು ಬಿಟ್ಟುಕೊಟ್ಟ ಜಾಗಗಳು, ಅವುಗಳ ಬದಲಿಗೆ ಮೀಸಲಿನಿಂದ ಬೇರೆ ಜಾಗ ಕೊಟ್ಟಾಗಿದೆ. 5 ಅಂದರೆ ತೀರಿದ ಲೆಕ್ಕ, 197 ಅಂದರೆ ತೀರದ ಲೆಕ್ಕ. ಈ ಡಿಸ್ಕಿನಲ್ಲಿ ಹೊರಗೆ ತೋರಿಸುವ ಸೆಕ್ಟರ್ 512 ಬೈಟಿನದು, ಒಳಗಿನ ನಿಜವಾದ ಸೆಕ್ಟರ್ 4,096 ಬೈಟಿನದು. ಒಂದು ನಿಜವಾದ ಸೆಕ್ಟರ್ ಹೋದರೆ ಎಂಟು ಹೋದವು ಅಂತ ಲೆಕ್ಕ. ಅದಕ್ಕೇ ಎಂಟರ ಮಗ್ಗಿ: 16, 24.

ಇನ್ನೊಂದು ತಮಾಷೆ. 21,386 ಗಂಟೆ ಅಂದರೆ, ದಿನಕ್ಕೆ ಹತ್ತು ಗಂಟೆಯ ಮಂಡಿಗೆ ಸುಮಾರು 2,140 ದಿನ. ಆದರೆ ಆನ್ ಆಗಿದ್ದು 6,412 ಸಲ. ದಿನಕ್ಕೆ ಮೂರು ಸಲ. ಗುಮಾಸ್ತರು ಬೆಳಿಗ್ಗೆ ಒಂದೇ ಸಲ ಹಾಕುತ್ತಾರೆ. ಉಳಿದ ಎರಡು? ಕರೆಂಟು ಹೋಗಿ ಬಂದದ್ದು. ದೊಡ್ಡಪ್ಪನಿಗೆ ಫೋನು ಮಾಡಿ ಯುಪಿಎಸ್ ಬ್ಯಾಟರಿ ಯಾವಾಗ ಬದಲಾಯಿಸಿದ್ದು ಅಂದೆ. "ಅದನ್ನ ಬದ್ಲಾಯಿಸ್ಬೇಕಾ?" ಅಂದರು. ಓದುವ ತಲೆ ಡಿಸ್ಕಿನೊಳಗಿನ ಪ್ಲೇಟಿನ ಮೇಲೆ ಓಡಾಡುತ್ತಿರುವಾಗ ಕರೆಂಟು ಹೋದರೆ ಡಿಸ್ಕು ಗಡಿಬಿಡಿಯಲ್ಲಿ ತಲೆ ಎಳೆದುಕೊಳ್ಳಬೇಕು. ಆರೇಳು ವರ್ಷ ದಿನಕ್ಕೆರಡು ಸಲ ಅದೇ ಪಾಡು.

ಹೈಫನ್ ಟಿ ಶಾರ್ಟ್ ಕೊಟ್ಟು ಎರಡು ನಿಮಿಷದ ಸಣ್ಣ ಪರೀಕ್ಷೆ ಮಾಡಿದೆ. ಹೈಫನ್ ಎಲ್ ಸೆಲ್ಫ್‌ಟೆಸ್ಟ್‌ನಲ್ಲಿ ಫಲಿತಾಂಶ: ಯಾವ ಎರರ್ ಇಲ್ಲದೆ ಮುಗಿದಿದೆ. ಡಿಸ್ಕಿನ ಒಂದು ಚೂರನ್ನು ಮಾತ್ರ ಓದುವ ಪರೀಕ್ಷೆ ಅದು. ಹಾಳಾದ ಕಡೆ ಅದು ಹೋಗಿಯೇ ಇಲ್ಲ. ಎರಡು ಪಾಸ್ ಸರ್ಟಿಫಿಕೇಟು, ಕಟ್ ಕಟ್ ಶಬ್ದ ಹಾಗೇ.

ಉದ್ದದ ಪರೀಕ್ಷೆ ಈಗ ಮಾಡುವ ಹಾಗಿಲ್ಲ. ಅದು ಇಡೀ ಡಿಸ್ಕನ್ನು ಓದುತ್ತದೆ, ಆದರೆ ಓದಿದ್ದನ್ನು ನಮಗೆ ಕೊಡುವುದಿಲ್ಲ. ಈ ಡಿಸ್ಕಿಗೆ ಇನ್ನೊಂದೇ ಸಲ ಪೂರ್ತಿ ಓದಿಸುವ ಶಕ್ತಿ ಉಳಿದಿದ್ದರೆ, ಆ ಒಂದು ಸಲ ಕಾಪಿಗೇ ಹೋಗಬೇಕು. ಆಫ್ ಮಾಡಿ ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟೆ.

ಅದೇ ರಾತ್ರಿ, ಕಾಪಿ ಇಳಿಸುವ ಡಿಸ್ಕು

ಕಾಪಿ ಇಳಿಸಲು ನನ್ನ ಡ್ರಾಯರಿನಲ್ಲಿ ಒಂದು 1 ಟಿಬಿ ಡಿಸ್ಕು ಬಿದ್ದಿತ್ತು. ಅದನ್ನೂ ನಂಬುವ ಹಾಗಿಲ್ಲ. ನೋಡಿದರೆ 5, 197, 198 ಮೂರೂ ಸೊನ್ನೆ. 199 ಮಾತ್ರ 1,107.

199 ಡಿಸ್ಕಿನ ಪ್ಲೇಟಿನ ಲೆಕ್ಕವಲ್ಲ, ದಾರಿಯ ಲೆಕ್ಕ. ಡಿಸ್ಕಿಗೂ ಬೋರ್ಡಿಗೂ ನಡುವೆ ಹೋಗುವಾಗ ಡೇಟಾ ಎಷ್ಟು ಸಲ ಕೆಟ್ಟಿತು ಅಂತ. ಬಹುತೇಕ ಕೇಬಲ್ಲಿನ ತಪ್ಪು. ಹಿಂದೆ ಒಂದು ಕೆಂಪು ಸಾಟಾ ಕೇಬಲ್ ಸಡಿಲವಾಗಿತ್ತು, ನೆನಪಿದೆ. ಬೇರೆ ಕೇಬಲ್ ಹಾಕಿದೆ. ಈ ಎಣಿಕೆ ಯಾವತ್ತೂ ಕೆಳಗೆ ಇಳಿಯಲ್ಲ. ಏರುವುದು ನಿಂತಿದೆಯಾ ಅಂತ ನೋಡಿದರೆ ಸಾಕು.

ಆಮೇಲೆ ಬ್ಯಾಡ್‌ಬ್ಲಾಕ್ಸ್, ಡಿಸ್ಕಿನ ಕೆಟ್ಟ ಜಾಗ ಹುಡುಕುವ ಕಮಾಂಡು. ಏನೂ ಹೇಳದಿದ್ದರೆ ಅದು ಬರೀ ಓದಿ ನೋಡುತ್ತದೆ. ಹೈಫನ್ ಎನ್ ಕೊಟ್ಟರೆ ಇದ್ದದ್ದನ್ನು ಉಳಿಸಿಕೊಂಡು ಬರೆದು ನೋಡುತ್ತದೆ. ಹೈಫನ್ ಡಬ್ಲ್ಯೂ ಕೊಟ್ಟರೆ ಎಲ್ಲಾ ಅಳಿಸಿ, ನಾಲ್ಕು ಬಗೆಯ ಮಾದರಿ ಬರೆದು, ಪ್ರತಿ ಸಲ ವಾಪಸ್ ಓದಿ ತಾಳೆ ನೋಡುತ್ತದೆ. 1 ಟಿಬಿಗೆ ನಾಲ್ಕೂ ಮಾಡಿದರೆ ಒಂದು ದಿನ ಹತ್ತಿರ ಬೇಕು. ನನಗೆ ಅಷ್ಟು ಹೊತ್ತಿಲ್ಲ. ಹೈಫನ್ ಟಿ ಸೊನ್ನೆ ಕೊಟ್ಟು ಒಂದೇ ಮಾದರಿಗೆ ಇಳಿಸಿದೆ, ಐದು ಗಂಟೆಯ ಕೆಲಸ.

ಎಂಟರ್ ಒತ್ತುವ ಮುಂಚೆ ಬೆರಳು ನಿಂತಿತು. ಟೈಪ್ ಮಾಡಿದ್ದು ಎಸ್‌ಡಿಬಿ, ಲಿನಕ್ಸ್ ಡಿಸ್ಕಿಗೆ ಕೊಟ್ಟ ಹೆಸರು. ಆಗಷ್ಟೇ ಡಿಸ್ಕ್ ಬದಲಾಯಿಸಿ ರೀಬೂಟ್ ಮಾಡಿದ್ದೆ. ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆಯಲ್ಲಿ ಸೀರಿಯಲ್ ನಂಬರ್ ಸಮೇತ ನೋಡಿದರೆ ಈಗ ಎಸ್‌ಡಿಬಿ ಅಂದರೆ ನನ್ನದೇ ಫೋಟೋಗಳ ಡಿಸ್ಕು! ಈ ಎ, ಬಿ, ಸಿ ಹೆಸರುಗಳು ಬೂಟ್ ಆದಾಗಲೆಲ್ಲ ಅದಲು ಬದಲಾಗಬಹುದು. ಆವತ್ತಿನಿಂದ ಡೆವ್, ಡಿಸ್ಕ್, ಬೈ-ಐಡಿ ಅನ್ನುವ ಫೋಲ್ಡರಿನ ಉದ್ದ ಹೆಸರನ್ನೇ ಬಳಸುತ್ತಿದ್ದೇನೆ. ಡಿಸ್ಕಿನ ಮೇಲೆ ಬಿಳಿ ಟೇಪು ಅಂಟಿಸಿ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆಯುತ್ತೇನೆ.

ಭಾನುವಾರ

ಬೆಳಿಗ್ಗೆ ಎದ್ದು ನೋಡಿದರೆ ಹಾಳಾದ ಬ್ಲಾಕು ಸೊನ್ನೆ. 199 ಅದೇ 1,107. ಸರಿ, ಇದನ್ನು ನಂಬಬಹುದು.

ಮಂಡಿಯ ಡಿಸ್ಕನ್ನು ಮತ್ತೆ ಹಾಕಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ. 46 ಇದ್ದದ್ದು 38ಕ್ಕೆ ಇಳಿಯಿತು. ಕಾಪಿಗೆ ಗ್ನೂ ಡಿಡಿರೆಸ್ಕ್ಯೂ. ಡೆಬಿಯನ್‌ನಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ, ಮುಂದೆ ಒಂದು ಜಿ ಇದೆ. ಮಾಮೂಲಿ ಕಾಪಿ ಕಮಾಂಡು ಡಿಡಿ, ಕೆಟ್ಟ ಜಾಗ ಸಿಕ್ಕ ಕೂಡಲೇ ನಿಂತುಬಿಡುತ್ತದೆ. ಇದು ಹಾಗಲ್ಲ. ಕುಂಟೆ ಹೊಡೆಯುವವನು ಬಂಡೆ ಸಿಕ್ಕರೆ ಸುತ್ತಿ ಹೋಗಿ ಮಿಕ್ಕ ಹೊಲ ಮುಗಿಸಿ, ಕೊನೆಗೆ ಬಂಡೆಯ ಹತ್ತಿರ ಬರುವ ಹಾಗೆ. ಎಲ್ಲಿ ಓದಿದೆ, ಎಲ್ಲಿ ಇಲ್ಲ ಅನ್ನುವುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಡುವೆ ಕರೆಂಟು ಹೋದರೂ ಬಿಟ್ಟಲ್ಲಿಂದಲೇ ಶುರು. ಮ್ಯಾಪ್ ಫೈಲ್ ಇಲ್ಲದೆ ಇದನ್ನು ಓಡಿಸಬೇಡಿ.

ಮೊದಲ ಸುತ್ತು ಹೈಫನ್ ಎನ್ ಕೊಟ್ಟು, ಕೆಟ್ಟ ಜಾಗಗಳನ್ನು ಕೆರೆಯದೆ. ಅರ್ಧ ಗಂಟೆ ಸೆಕೆಂಡಿಗೆ 100 ಎಂಬಿಗೂ ಜಾಸ್ತಿ ಸಲೀಸಾಗಿ ಹೋಯಿತು. 205 ಜಿಬಿ ಹತ್ತಿರ ಬಂದಾಗ ಆ ಶಬ್ದ. ಕಟ್. ಕಟ್. ವೇಗ ಕೆಬಿಗೆ ಬಿತ್ತು. ಪಕ್ಕದ ಕಿಟಕಿಯಲ್ಲಿ ಲಿನಕ್ಸಿನ ತಿರುಳಾದ ಕರ್ನಲ್‌ನ ಸಂದೇಶ ತೋರಿಸುವ ಡಿಎಂಇಎಸ್‌ಜಿ ತೆರೆದಿಟ್ಟಿದ್ದೆ, ಅಲ್ಲಿ ಯುಎನ್‌ಸಿ (ಸರಿಪಡಿಸಲಾಗದ ತಪ್ಪು) ಅಂತ ಕೆಂಪು ಸಾಲುಗಳು ಸಾಲಾಗಿ ಬಂದವು. ಕರ್ನಲ್ ಮತ್ತೆ ಮತ್ತೆ ಕೇಳುತ್ತದೆ, ಡಿಸ್ಕು ಮತ್ತೆ ಮತ್ತೆ ಆಗಲ್ಲ ಅನ್ನುತ್ತದೆ. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಏನೂ ಮಾಡುವ ಹಾಗಿಲ್ಲ, ಆದರೂ ಎದ್ದು ಹೋಗಲು ಮನಸ್ಸು ಬರಲಿಲ್ಲ.

ಡಿಡಿರೆಸ್ಕ್ಯೂ ಹಾರಿ ಮುಂದೆ ಹೋಯಿತು. 11 ಗಂಟೆಗೆ ಮೊದಲ ಸುತ್ತು ಮುಗಿಯಿತು. ಎರಡನೇ ಸುತ್ತಿಗೆ ಹೈಫನ್ ಡಿ, ಹೈಫನ್ ಆರ್ 3. ನೇರವಾಗಿ ಓದು, ಕೆಟ್ಟ ಜಾಗಗಳನ್ನು ಇನ್ನೂ ಮೂರು ಸಲ ಪ್ರಯತ್ನಿಸು ಅಂತ. ನಾನು ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದೆ. ಒಂದು ಗಂಟೆಗೆ ಕೊನೆಯ ಲೆಕ್ಕ: 500 ಜಿಬಿಯಲ್ಲಿ ಓದಲಾಗದೆ ಉಳಿದದ್ದು 16,384 ಬೈಟು. 32 ಸೆಕ್ಟರ್, ಅಂದರೆ ನಿಜವಾದ ಸೆಕ್ಟರ್ ನಾಲ್ಕು.

ಸ್ಮಾರ್ಟ್ ಮತ್ತೆ ನೋಡಿದೆ. ಕಾಪಿಯ ನಡುವೆ 197ನೆಯದು 24ರಿಂದ 40ಕ್ಕೆ ಏರಿತ್ತು. ಯಾರೂ ಮುಟ್ಟದ ಜಾಗಗಳನ್ನು ಮುಟ್ಟಿದಾಗ ಹೊಸ ಬಾಕಿಗಳು ಹೊರಬಿದ್ದವು. ಎರಡನೇ ಸುತ್ತಿನ ನಂತರ 32. ಆ ಎಂಟು ಹೇಗೋ ಓದಲು ಸಿಕ್ಕವು, ಡಿಸ್ಕು ಅವನ್ನು ಬೇರೆ ಕಡೆ ಎತ್ತಿಟ್ಟುಕೊಂಡಿತು. 5ನೆಯದು 16ರಿಂದ 24 ಆಗಿತ್ತು.

ಹೋದ 16 ಕೆಬಿಯಲ್ಲಿ ಏನಿತ್ತು? ಇದೇ ನನಗೆ ಇಡೀ ಕೆಲಸದಲ್ಲಿ ಖುಷಿ ಕೊಟ್ಟ ಭಾಗ. ಡಿಡಿರೆಸ್ಕ್ಯೂಗೆ ಫಿಲ್ ಮೋಡ್ ಅಂತ ಇದೆ. ಮ್ಯಾಪ್ ಫೈಲು ನೋಡಿಕೊಂಡು, ಇಮೇಜಿನಲ್ಲಿ (ಇಡೀ ಡಿಸ್ಕಿನ ಕಾಪಿಯಾದ ಫೈಲು) ಕೆಟ್ಟ ಜಾಗಗಳಲ್ಲಿ ಮಾತ್ರ ನಾವು ಹೇಳಿದ ಪದ ತುಂಬುತ್ತದೆ. ನಾನು ಕನ್ನಡದಲ್ಲೇ "ಇಲ್ಲಿ_ಹಾಳು" ಅಂತ ತುಂಬಿಸಿದೆ. ಆಮೇಲೆ ಇಮೇಜನ್ನು ಓದಲು ಮಾತ್ರ ಬರುವ ಹಾಗೆ ಮೌಂಟ್ ಮಾಡಿ (ಡಿಸ್ಕಿನ ಹಾಗೆ ತೆರೆದು), ಗ್ರೆಪ್‌ನಿಂದ ಆ ಪದ ಯಾವ ಫೈಲುಗಳಲ್ಲಿದೆ ಅಂತ ಹುಡುಕಿದೆ. ಸಿಕ್ಕ ಫೈಲು ಅಷ್ಟೂ ಹಾಳಾದ ಫೈಲು.

ಮೂರು ಸಿಕ್ಕವು. ಒಂದು ವಿಂಡೋಸಿನ ಪೇಜ್ ಫೈಲು, ಹೋದರೆ ಹೋಗಲಿ. ಇನ್ನೊಂದು ಅಕ್ಕನ ಮದುವೆಯ ವಿಡಿಯೋ. ಮಂಡಿಯ ಕಂಪ್ಯೂಟರಿನಲ್ಲಿ ಅದು ಯಾಕಿತ್ತೋ ದೊಡ್ಡಪ್ಪನಿಗೇ ಗೊತ್ತು. ಧಾರೆಯ ಹೊತ್ತಿನಲ್ಲಿ ಒಂದು ಕ್ಷಣ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಅಷ್ಟೇ. ಮೂರನೆಯದು 2018-19ರ ಲೆಕ್ಕದ ಫೈಲು. ಆ ವರ್ಷದ ಆಡಿಟ್ ಯಾವತ್ತೋ ಮುಗಿದು ಪ್ರಿಂಟು ಕಪಾಟಿನಲ್ಲಿದೆ. ನಾಲ್ಕನೇ ಜಾಗದಲ್ಲಿ ಯಾವ ಫೈಲೂ ಇರಲಿಲ್ಲ. ಈ ಸೀಸನ್ನಿನ ಪಟ್ಟಿಗಳು ಒಂದೂ ಹೋಗಿಲ್ಲ. ದೊಡ್ಡಪ್ಪನಿಗೆ ಫೋನು ಮಾಡಿ ಹೇಳಿದೆ. ಐದು ಸೆಕೆಂಡು ಮಾತೇ ಇಲ್ಲ. ಆಮೇಲೆ "ಊಟ ಆತಾ?" ಅಂದರು.

ಸೋಮವಾರ

ಹೊಸ ಎಸ್‌ಎಸ್‌ಡಿ. ಅಂಗಡಿಯಲ್ಲಿ 480 ಜಿಬಿಯದು ಕೊಟ್ಟರು, "ಎಲ್ಲಾ ಒಂದೇ ಸರ್" ಅಂದರು. ಒಂದೇ ಅಲ್ಲ. ಹಳೇ ಡಿಸ್ಕಿನಲ್ಲಿ 976,773,168 ಸೆಕ್ಟರುಗಳಿವೆ. 480ರದರಲ್ಲಿ ಅಷ್ಟಿಲ್ಲ, ಇಮೇಜು ಹಾಗೇ ಹಿಡಿಯಲ್ಲ. 500 ಜಿಬಿಯದೇ ಬೇಕು ಅಂತ ಬದಲಾಯಿಸಿಕೊಂಡೆ. ತುಂಬಿದ್ದ ಪದ ತೆಗೆದು ಅಲ್ಲಿ ಸೊನ್ನೆ ತುಂಬಿ, ಇಮೇಜನ್ನು ಎಸ್‌ಎಸ್‌ಡಿಗೆ ಇಳಿಸಿದೆ. ವಿಂಡೋಸಿನ ಡಿಸ್ಕ್ ಚೆಕ್ ಈಗ ಓಡಿಸಿದೆ. ಕಾಪಿಯ ಮೇಲೆ ಅದು ಏನು ಬೇಕಾದರೂ ತಿದ್ದಿಕೊಳ್ಳಲಿ. ಫ್ಯಾನಿನ ಹೊಟ್ಟು ಬ್ರಷ್ಷಿನಿಂದ ತೆಗೆದು, ಸಿಪಿಯುವನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲಿಟ್ಟೆ. ಯುಪಿಎಸ್‌ಗೆ ಹೊಸ ಬ್ಯಾಟರಿ. ಮಧ್ಯಾಹ್ನಕ್ಕೆ ಪಟ್ಟಿ ಹೊಡೆಯುವುದು ಶುರು.

ಮಂಗಳವಾರ, ಬುಧವಾರ

ಡೇಟಾ ಭದ್ರವಾದ ಮೇಲೆ ಹಳೇ ಡಿಸ್ಕಿನ ಜೊತೆ ಆಟ. ಹೈಫನ್ ಟಿ ಲಾಂಗ್. 83 ನಿಮಿಷ ಬೇಕು ಅಂತ ಅದೇ ಹೇಳಿತು. ಅಷ್ಟು ಬೇಕಾಗಲಿಲ್ಲ. ಇನ್ನೂ 60 ಪರ್ಸೆಂಟ್ ಬಾಕಿ ಇರುವಾಗಲೇ ಓದಲು ಆಗಲಿಲ್ಲ ಅಂತ ನಿಂತಿತು, ಮೊದಲ ತಪ್ಪು ಸಿಕ್ಕ ಸೆಕ್ಟರ್ 402,118,664. 512ರಿಂದ ಗುಣಿಸಿದರೆ 205 ಜಿಬಿ ದಾಟಿ ಸ್ವಲ್ಪ. ಭಾನುವಾರ ಶಬ್ದ ಬಂದ ಜಾಗವೇ. ಈ ಪರೀಕ್ಷೆ ಮೊದಲ ಗುಂಡಿಯಲ್ಲೇ ನಿಲ್ಲುತ್ತದೆ, ಮುಂದೆ ಎಷ್ಟಿವೆ ಅಂತ ಹೇಳಲ್ಲ.

ರಾತ್ರಿಯಿಡೀ ಬ್ಯಾಡ್‌ಬ್ಲಾಕ್ಸ್ ಹೈಫನ್ ಡಬ್ಲ್ಯೂ, ನಾಲ್ಕೂ ಮಾದರಿ. ಬರೆದಾಗ ಡಿಸ್ಕಿಗೆ ಹಳೇ ಡೇಟಾದ ಹಂಗು ಇರಲ್ಲ. ಬಾಕಿ ಜಾಗದಲ್ಲಿ ಬರೆದು ನೋಡುತ್ತದೆ, ಸರಿಯಾದರೆ ಇಟ್ಟುಕೊಳ್ಳುತ್ತದೆ, ಇಲ್ಲವಾದರೆ ಬದಲಿ ಜಾಗ ಕೊಡುತ್ತದೆ. ಬೆಳಿಗ್ಗೆ 197 ಸೊನ್ನೆ! 5ನೆಯದು 48. ಬಾಕಿ 32ರಲ್ಲಿ 24 ಬದಲಿಯಾದವು, ಎಂಟು ಬದುಕಿದವು. ಇಲ್ಲಿಗೆ ಗುಣವಾಯಿತು ಅಂತ ಮಾರುವವರಿದ್ದಾರೆ. ಹಳೇ ಡಿಸ್ಕು ಕೊಳ್ಳುವಾಗ 197 ಸೊನ್ನೆ ಅಂತ ತೋರಿಸಿದರೆ 5ನೆಯದನ್ನೂ ತೋರಿಸಿ ಅನ್ನಿ.

ಇನ್ನೊಂದು ಸಲ ಬರೀ ಓದಿಸಿದೆ. ಸಂಜೆಗೆ 197 ಮತ್ತೆ 16. ಹೊಸ ಜಾಗಗಳು. ಹುಣ್ಣು ಹರಡುತ್ತಿದೆ. ಹೈಫನ್ ದೊಡ್ಡ ಎಚ್ ಕೊಟ್ಟೆ, ಕುತೂಹಲಕ್ಕೆ. ಪಾಸ್ಡ್.

ದೊಡ್ಡಪ್ಪನಿಗೆ ಸ್ಕ್ರೀನ್ ತೋರಿಸಿದೆ. "ಪಾಸ್ ಅಂತ ಬರದೈತಲ್ಲೋ, ಮತ್ಯಾಕೆ ದುಡ್ಡು ಖರ್ಚು ಮಾಡಿಸ್ದಿ?" ಅಂದರು. ಅಂಕಪಟ್ಟಿ ಬಿಡಿಸಿ ಹೇಳಿದೆ. "ಹಂಗಾರೆ ಈ 5, 197, 198, 199 ಸೊನ್ನೆ ಇದ್ರೆ ಏನೂ ಭಯ ಇಲ್ಲ ಅನ್ನು."

ಅದೂ ಇಲ್ಲ. ಗೂಗಲ್‌ನವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ನೋಡಿ 2007ರಲ್ಲಿ ಒಂದು ವರದಿ ಬರೆದಿದ್ದಾರೆ. ಸತ್ತ ಡಿಸ್ಕುಗಳಲ್ಲಿ 56 ಪರ್ಸೆಂಟಿಗೂ ಜಾಸ್ತಿಯವುಗಳಲ್ಲಿ ಅವರು ಮುಖ್ಯ ಅಂದ ನಾಲ್ಕು ಸ್ಮಾರ್ಟ್ ಲಕ್ಷಣಗಳಲ್ಲಿ ಒಂದೂ ಇರಲಿಲ್ಲ. ಅದೇ ವರದಿಯಲ್ಲಿ ಇದೂ ಇದೆ: ಸ್ಕ್ಯಾನ್ ಮಾಡುವಾಗ ಮೊದಲ ತಪ್ಪು ಕಂಡ ಡಿಸ್ಕು, ಮುಂದಿನ 60 ದಿನದಲ್ಲಿ ಸಾಯುವ ಸಾಧ್ಯತೆ ತಪ್ಪು ಕಾಣದ ಡಿಸ್ಕಿಗಿಂತ 39 ಪಟ್ಟು. ಅಂದರೆ ಎಣಿಕೆ ಏರಿದರೆ ನಂಬಿ ಓಡಬೇಕು, ಸೊನ್ನೆ ಇದ್ದರೆ ನಂಬಿ ಮಲಗಬಾರದು. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಕಪ್ಪಿಗೆ ಒಂದು ಡಿಸ್ಕ್ ಹಾಕು" ಅಂದರು. ನನ್ನ 1 ಟಿಬಿ ಡಿಸ್ಕು ಹಾಗೆ ಕೈಬಿಟ್ಟಿತು.

ಮುಂದಿನ ಸೋಮವಾರ

ಸ್ಮಾರ್ಟ್‌ಮಾನ್‌ಟೂಲ್ಸ್ ವಿಂಡೋಸಿಗೂ ಸಿಗುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ಬ್ಯಾಕಪ್ ಡಿಸ್ಕಿನ ಅಂಕಪಟ್ಟಿ ಡೆಸ್ಕ್‌ಟಾಪಿನ ಮೇಲೆ ಒಂದು ಟೆಕ್ಸ್ಟ್ ಫೈಲಿಗೆ ಬಂದು ಬೀಳುವ ಹಾಗೆ ಮಾಡಿಟ್ಟೆ. 5, 197, 198, 199 ನಾಲ್ಕು ಸಾಲು ನೋಡಿ ಬರೆದಿಡಿ, ಯಾವುದಾದರೂ ಏರಿದರೆ ಫೋನು ಮಾಡಿ ಅಂತ ಗುಮಾಸ್ತರಿಗೆ ಹೇಳಿದ್ದೆ. 199ರಲ್ಲಿ 1,107 ಇದೆ, ಅದು ಹಳೇದು, ಗಾಬರಿಯಾಗಬೇಡಿ ಅಂತಲೂ ಹೇಳಿದ್ದೆ.

ಇವತ್ತು ಹೋಗಿ ನೋಡಿದರೆ ಅವರು ಹಮಾಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಕೆಂಪು ಗೆರೆ ಹೊಡೆದು ಖಾತೆ ತೆಗೆದಿದ್ದಾರೆ. ಮೂರು ಸಾಲಿನಲ್ಲಿ ಸೊನ್ನೆ. ನಾಲ್ಕನೇ ಸಾಲಿನಲ್ಲಿ, ದುಂಡಗಿನ ಅಕ್ಷರದಲ್ಲಿ: "199. ಆರಂಭ ಶಿಲ್ಕು 1,107. ಈ ವಾರ ಜಮಾ ಇಲ್ಲ."